ಓಂ ಬೀಚಿನಾಚೆ ಹೋಗುವವರಿಗೆ

ಗೋಕರ್ಣದ ಓಂ ಬೀಚಿನಿಂದ ಹಾಫ್ ಮೂನ್ ದಾಟಿ ಪ್ಯಾರಡೈಸ್‌ವರೆಗೆ ‘ಯಾವಾಗ ಬೇಕಾದರೂ’ ನಡೆಯಬಹುದು ಎಂದು ಪ್ರವಾಸ ಲೇಖನವೊಂದು ಹೇಳುತ್ತದೆ. ದಯವಿಟ್ಟು ಹಾಗೆ ಹೊರಡಬೇಡಿ.

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟ ಬಸ್ಸುಗಳೆಲ್ಲ ಶನಿವಾರ ಅಲ್ಲಿರುತ್ತವೆ, ಹಾಗಾಗಿ ವಾರದ ನಡುವೆಯೇ ಹೋಗಿ. ಕಾರವಾರದ ರಾತ್ರಿ ರೈಲು ಪಂಚಗಂಗಾದಲ್ಲಿ ಹೋದರೆ ಗೋಕರ್ಣ ರೋಡ್‌ನಲ್ಲಿ ಇಳಿದು ಆಟೋ ಹಿಡಿಯಬೇಕು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ನಡಿಗೆ ಮಾತ್ರ ಭರತ-ಇಳಿತ ನೋಡಿಕೊಂಡೇ ಆಗಬೇಕು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಕೆ ಹೆಚ್ಚು, ಆದ್ದರಿಂದ ಕ್ಯಾಲೆಂಡರ್‌ನಲ್ಲಿ ತಿಥಿಯನ್ನೂ ನೋಡಿ. ಬರುವಾಗ ಒಣಗಿದ್ದ ಬಂಡೆ ಹೋಗುವಾಗ ನೀರಿನಡಿ ಇರಬಹುದು. ಅಲೆಯಂಚಿನ ಕಪ್ಪು-ಹಸಿರು ಪಾಚಿಯ ಮೇಲೆ ಯಾವ ಶೂ ಕೂಡ ನಿಲ್ಲುವುದಿಲ್ಲ. ಸುತ್ತಾದರೂ ಮೇಲಿನ ಕಾಲುದಾರಿಯೇ ಸರಿ.

ಅಲ್ಲೂ ಅಂಚಿಗೆ ಹೋಗಬೇಡಿ. ಇಲ್ಲಿನ ಜಂಬಿಟ್ಟಿಗೆ ಕಲ್ಲಿನ ಮೇಲ್ಪದರ ಗಟ್ಟಿ, ಕೆಳಗಿನದು ಮೆದು. ಬುಡದಲ್ಲಿ ಕೊರೆದುಹೋದ ಮೇಲೆ ತುದಿ ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ, ಮೇಲೆ ನಿಂತವರಿಗೆ ಅದು ಕಾಣುವುದೇ ಇಲ್ಲ. ಮೂರು ಮೀಟರ್ ಹಿಂದೆ ನಿಂತರೂ ಕಡಲು ಅಷ್ಟೇ ಚೆನ್ನಾಗಿ ಕಾಣುತ್ತದೆ! ಇಳಿಜಾರಿನ ಸಡಿಲ ಹರಳುಗಳ ಮೇಲೆ ಚಪ್ಪಲಿ ಜಾರುತ್ತದೆ, ಹಿಡಿತವಿರುವ ಶೂ ಹಾಕಿ.

ತಲಾ ಎರಡು ಲೀಟರ್ ನೀರು, ಒಂದು ಟಾರ್ಚ್ ಇರಲಿ. ಡಿಸೆಂಬರ್‌ನಲ್ಲಿ ಆರೂವರೆ ದಾಟಿದರೆ ಕಾಡಿನ ದಾರಿ ಕತ್ತಲು. ವಾಪಸ್ ದೋಣಿ ಸಿಕ್ಕೇ ಸಿಗುತ್ತದೆಂದು ನಂಬಿ ಕೂರಬೇಡಿ, ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ. ಖಾಲಿ ಬಾಟಲಿಗಳನ್ನು ನೀವೇ ಹೊತ್ತು ತನ್ನಿ.