ಸ್ಪಷ್ಟನೆ: ಎಲ್ವಿಸ್ ಪ್ರೀಸ್ಲಿ ಮದುವೆಯಾದದ್ದು ಆ ಮರದ ಪುಟ್ಟ ಚರ್ಚಿನಲ್ಲಲ್ಲ

ಲಾಸ್ ವೇಗಸ್‌ನ 'ಲಿಟಲ್ ಚರ್ಚ್ ಆಫ್ ದ ವೆಸ್ಟ್' ಚಿತ್ರದ ಜೊತೆ ಎರಡು ಮಾತು ಹರಿದಾಡುತ್ತಿವೆ: ಅಮೆರಿಕದ ರಾಕ್ ಗಾಯಕ ಎಲ್ವಿಸ್ ಅಲ್ಲಿ ಪ್ರಿಸಿಲ್ಲಾಳ ಕೈಹಿಡಿದರು; ಅಲ್ಲಿ ಕಾಗದಪತ್ರ ಇಲ್ಲದೆಯೇ ಮದುವೆಯಾಗಬಹುದು. ಎರಡೂ ತಪ್ಪು.

ಅವರ ಮದುವೆ ನಡೆದದ್ದು 1967ರ ಮೇ 1ರಂದು, ಅದೇ ಊರಿನ ಅಲ್ಲಾದಿನ್ ಹೋಟೆಲಿನ ಕೋಣೆಯೊಂದರಲ್ಲಿ. ಮಾಡಿಸಿದವರು ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡೇವಿಡ್ ಝೆನಾಫ್. ಗೊಂದಲಕ್ಕೆ ಕಾರಣ 1964ರ 'ವಿವಾ ಲಾಸ್ ವೇಗಸ್' ಸಿನಿಮಾ. ಅದರ ಕೊನೆಯ ಮದುವೆ ದೃಶ್ಯದಲ್ಲಿ ಎಲ್ವಿಸ್ ಮತ್ತು ನಾಯಕಿ ಆನ್-ಮಾರ್ಗ್ರೆಟ್ ಈ ಚರ್ಚಿನಿಂದ ಹೊರಬರುತ್ತಾರೆ. ಆ ಸ್ಥಿರಚಿತ್ರವೇ ಈಗ 'ಮದುವೆ ಫೋಟೊ' ಆಗಿದೆ.

ಚರ್ಚಿನ ನಿಜವಾದ ಕತೆಯೇ ಸಾಕಷ್ಟು ಸ್ವಾರಸ್ಯವಾಗಿದೆ. 1942ರಲ್ಲಿ ಲಾಸ್ಟ್ ಫ್ರಾಂಟಿಯರ್ ಹೋಟೆಲಿನ ಆವರಣದಲ್ಲಿ ಕಟ್ಟಿದ ಈ ಮರದ ಕಟ್ಟಡವನ್ನು ಕೆಡವದೆ ಇಡಿಯಾಗಿ ಸ್ಥಳಾಂತರಿಸುತ್ತ ಬಂದಿದ್ದಾರೆ: 1954ರಲ್ಲಿ, 1970ರ ದಶಕದ ಕೊನೆಗೆ ಹಸಿಯೆಂಡಾ ಹೋಟೆಲಿಗೆ, 1996ರಲ್ಲಿ ಈಗಿನ ಜಾಗಕ್ಕೆ. 1992ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು. ತಾರೆಯರ ಮದುವೆ ಇಲ್ಲಿ ಆದದ್ದುಂಟು: 1991ರಲ್ಲಿ ರಿಚರ್ಡ್ ಗೇರ್–ಸಿಂಡಿ ಕ್ರಾಫರ್ಡ್, 2000ದಲ್ಲಿ ಏಂಜಲೀನಾ ಜೋಲಿ–ಬಿಲ್ಲಿ ಬಾಬ್ ಥಾರ್ನ್‌ಟನ್. 2004ರ ಬ್ರಿಟ್ನಿ ಸ್ಪಿಯರ್ಸ್ ಮದುವೆ ಮಾತ್ರ ಬೇರೆಯದಾದ 'ಎ ಲಿಟಲ್ ವೈಟ್ ವೆಡ್ಡಿಂಗ್ ಚಾಪೆಲ್'ನಲ್ಲಿ. ಹೆಸರು ಹತ್ತಿರವಿರುವುದರಿಂದ ಜನ ಬೆರೆಸಿಬಿಡುತ್ತಾರೆ.

ಇನ್ನು ಕಾಗದಪತ್ರ. ಮೊದಲು ಇಬ್ಬರೂ ಗುರುತಿನ ಚೀಟಿ ಹಿಡಿದು ಕ್ಲಾರ್ಕ್ ಕೌಂಟಿಯ (ಲಾಸ್ ವೇಗಸ್ ಸೇರಿದ ಜಿಲ್ಲೆಯ) ಕಚೇರಿಗೆ ಖುದ್ದಾಗಿ ಹೋಗಿ ಮದುವೆ ಲೈಸೆನ್ಸ್ ಪಡೆಯಬೇಕು. ರಕ್ತಪರೀಕ್ಷೆ, ಕಾಯುವ ಅವಧಿ ಎರಡೂ ಇಲ್ಲ; 'ಏನೂ ಬೇಡ' ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಲೈಸೆನ್ಸ್ ಒಂದು ವರ್ಷ ನಡೆಯುತ್ತದೆ. ಮದುವೆ ಮಾಡಿಸುವವರಲ್ಲದೆ ಒಬ್ಬ ಸಾಕ್ಷಿಯೂ ಬೇಕು.