ಡೈವ್ ಮಾಡಿದ ದಿನವೇ ವಿಮಾನ ಬೇಡ

ಅಂಡಮಾನಿನ ಹ್ಯಾವ್ಲಾಕ್, ಅಂದ್ರೆ ಈಗಿನ ಸ್ವರಾಜ್ ದ್ವೀಪದ ಸ್ಕೂಬಾ ಪ್ರವಾಸದ ಲೇಖನ ಚೆನ್ನಾಗಿದೆ. ಆದ್ರೆ 'ಕೊನೇ ದಿನ ಬೆಳಗ್ಗೆ ಡೈವ್, ಮಧ್ಯಾಹ್ನ ವಿಮಾನ' ಅಂತ ಬರೆದಿದ್ದೀರಲ್ಲ, ದಯವಿಟ್ಟು ತಿದ್ದಿ ಸಾರ್. ಒಂದೇ ಡೈವ್ ಆದ್ರೂ 12 ಗಂಟೆ, ಎರಡು ಮೂರಾದ್ರೆ 18 ಗಂಟೆಯಾದ್ರೂ ಬಿಡಬೇಕು. ನೀರಿನಡಿ ರಕ್ತದಲ್ಲಿ ಕರಗಿದ ನೈಟ್ರೋಜನ್, ವಿಮಾನ ಮೇಲೇರಿ ಒತ್ತಡ ಇಳಿದಾಗ ಸೋಡಾ ಬಾಟಲಿ ಬಿಚ್ಚಿದ ಹಾಗೆ ಗುಳ್ಳೆಯೇಳುತ್ತೆ, ಅಪಾಯ. ನಮ್ಮ ಚಿಕ್ಕಮಗಳೂರಿನವರಿಗೆ ವಿಮಾನವೇ ಬೇಕಿಲ್ಲ: ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮುಳುಗಿ ಅದೇ ದಿನ ಘಾಟಿ ಹತ್ತಿದ್ರೆ ಸಾವಿರ ಮೀಟರ್ ಏರಿದ ಹಾಗೇ! ತೋಟದಲ್ಲಿ ಅರೇಬಿಕಾ ಕೊಯ್ಲು ಇದ್ರೂ ನಾವು ರಾತ್ರಿ ಅಲ್ಲೇ ಉಳಿದ್ವಿ. ಅಂದಹಾಗೆ ನನ್ನ ಕಾಡಿದ್ದು ಕಿವಿ. ಮೂರು ಮೀಟರ್ ಇಳಿಯೋದ್ರೊಳಗೆ ಚಾರ್ಮಾಡಿ ಇಳಿವಾಗಿನ ಹಾಗೆ ಕಟ್ಟಿತ್ತು. ಮೂಗು ಹಿಡಿದು ಮೆಲ್ಲಗೆ ಊದಿದ್ಮೇಲೆ 'ಪಟ್' ಅಂತ ಬಿಡ್ತು.