ಆ ಮಕ್ಕಳಿಂದ ಆಣೆ ಮಾಡಿಸಬೇಡಿ

ಮಾದಕ ವಸ್ತು ಬಳಸುವ ಮಗನನ್ನೋ ಮಗಳನ್ನೋ ಆಪ್ತಸಮಾಲೋಚನೆಗೆ ಕರೆತರುವ ತಂದೆತಾಯಂದಿರಲ್ಲಿ ಹೆಚ್ಚಿನವರು ಮೊದಲ ದಿನವೇ ಕೇಳುವುದು ಒಂದನ್ನೇ: "ಮೇಡಂ, ಇನ್ನು ಮುಟ್ಟೋದಿಲ್ಲ ಅಂತ ಇವನಿಂದ ಒಂದು ಮಾತು ತಗೊಂಡುಬಿಡಿ." ಆ ಬೇಡಿಕೆಯ ಹಿಂದಿನ ಸಂಕಟ ನನಗೆ ಗೊತ್ತು. ವಾರಗಟ್ಟಲೆ ನಿದ್ದೆಗೆಟ್ಟವರಿಗೆ ಹಿಡಿದುಕೊಳ್ಳಲು ಏನಾದರೊಂದು ಬೇಕಾಗಿರುತ್ತದೆ, ಮಗ ಕೊಡುವ ಮಾತು ಸದ್ಯಕ್ಕೆ ಅಂಥ ಊರುಗೋಲಿನಂತೆ ಕಾಣುತ್ತದೆ. ಆದರೂ ನಾನು ಈಗ ಯಾರಿಂದಲೂ ಅಂಥ ಮಾತು ತೆಗೆದುಕೊಳ್ಳುವುದಿಲ್ಲ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ.

ಈ ಕೆಲಸಕ್ಕೆ ಬಂದ ಆರಂಭದ ದಿನಗಳಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗ ನನ್ನ ಬಳಿಗೆ ಬರುತ್ತಿದ್ದ. ಮೂರನೆಯ ಭೇಟಿಯಲ್ಲಿ ಅವನ ಮನೆಯವರ ಒತ್ತಾಯಕ್ಕೆ ಮಣಿದು, ಅವನಿಂದ ಒಂದು ಹಾಳೆಯಲ್ಲಿ "ಇನ್ನು ಮುಂದೆ ಬಳಸುವುದಿಲ್ಲ" ಎಂದು ಬರೆಸಿ ಸಹಿ ಹಾಕಿಸಿದೆ. ಎಲ್ಲರಿಗೂ ಸಮಾಧಾನವಾಯಿತು, ನನಗೂ ಏನೋ ಸಾಧಿಸಿದ ಭಾವ ಬಂದಿತ್ತು. ಮುಂದಿನ ವಾರ ಅವನು ಬರಲಿಲ್ಲ. ನಾಲ್ಕು ತಿಂಗಳ ಮೇಲೆ, ಮೊದಲಿಗಿಂತ ಎಷ್ಟೋ ಕೆಟ್ಟ ಸ್ಥಿತಿಯಲ್ಲಿ ಮತ್ತೆ ಬಂದಾಗ, ಇಷ್ಟು ದಿನ ಏಕೆ ಬರಲಿಲ್ಲ ಎಂದು ಕೇಳಿದೆ. "ಆ ಹಾಳೆ ನಿಮ್ಮ ಹತ್ರ ಇತ್ತಲ್ಲ ಮೇಡಂ, ಹೇಗೆ ಬರಲಿ?" ಎಂದ. ಸಹಿ ಹಾಕಿದ ಐದನೆಯ ದಿನಕ್ಕೇ ಒಂದು ಸಲ ಜಾರಿದ್ದನಂತೆ. ಒಂದೇ ಒಂದು ಸಲ. ಆ ಸಂಜೆಯೇ ಬಂದು ಹೇಳಿದ್ದರೆ ಅರ್ಧ ಗಂಟೆಯಲ್ಲಿ ಮಾತನಾಡಿ ಮುಗಿಸಬಹುದಾಗಿದ್ದ ವಿಷಯ ನಾಲ್ಕು ತಿಂಗಳ ಬಳಕೆಯಾಗಿ ಬೆಳೆದಿತ್ತು, ಮತ್ತು ಅವನು ನನ್ನ ಬಾಗಿಲಿಗೆ ಬಾರದಂತೆ ತಡೆದದ್ದು ನಾನೇ ಬರೆಸಿಕೊಂಡ ಆ ಹಾಳೆ.

ಆಮೇಲೆ ಓದುತ್ತಾ ಹೋದಾಗ ಇದನ್ನು ಬೇರೆಯವರು ಮೊದಲೇ ಗುರುತಿಸಿದ್ದರೆಂದು ತಿಳಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಜೂಡಿತ್ ಗಾರ್ಡನ್ 1985ರಲ್ಲಿ ಮರುಕಳಿಕೆಯ ತಡೆಗಟ್ಟುವಿಕೆಯ ಕುರಿತು ಬರೆಯುತ್ತಾ, ಒಮ್ಮೆ ಜಾರುವುದಕ್ಕೂ ಪೂರ್ತಿ ಹಳೆಯ ಚಟಕ್ಕೆ ಮರಳುವುದಕ್ಕೂ ನಡುವೆ ಸ್ಪಷ್ಟವಾದ ಗೆರೆ ಎಳೆದರು. 'ಇನ್ನೆಂದೂ ಇಲ್ಲ' ಎಂದು ಪಣ ತೊಟ್ಟವನು ಒಂದು ಸಲ ತಪ್ಪಿದಾಗ, ತಪ್ಪನ್ನು ಆ ಹೊತ್ತಿನ ಸಂದರ್ಭಕ್ಕೆ ಸೇರಿಸದೆ ತನ್ನ ಸ್ವಭಾವಕ್ಕೇ ಅಂಟಿಸಿಕೊಳ್ಳುತ್ತಾನೆ. 'ನಾನೇ ಕೆಲಸಕ್ಕೆ ಬಾರದವನು, ಹೇಗೂ ಮಾತು ಮುರಿದಾಯಿತು, ಇನ್ನು ಉಳಿದದ್ದೇನು' ಎಂಬ ಅವಮಾನವೇ ಅವನನ್ನು ಎರಡನೆಯ, ಮೂರನೆಯ ಸಲಕ್ಕೆ ತಳ್ಳುತ್ತದೆ. ಆಣೆ ದೊಡ್ಡದಾದಷ್ಟೂ ಅದು ಮುರಿದಾಗಿನ ಅವಮಾನವೂ ದೊಡ್ಡದಾಗುತ್ತದೆ, ಅವಮಾನ ದೊಡ್ಡದಾದಷ್ಟೂ ಮುಚ್ಚಿಡುವುದು ಹೆಚ್ಚುತ್ತದೆ.

ಮುಚ್ಚಿಡುವುದು ಪ್ರಾಣಕ್ಕೇ ಎರವಾಗುವ ಒಂದು ಸಂದರ್ಭವಿದೆ, ಅದನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಹೆರಾಯಿನ್‌ನಂಥ ಓಪಿಯಾಯ್ಡ್ (ಅಫೀಮಿನ ಗುಂಪಿನ ಮಾದಕ ವಸ್ತು) ಬಳಸುತ್ತಿದ್ದವರು ಕೆಲವು ವಾರ ಬಿಟ್ಟರೆ, ದೇಹ ಆ ವಸ್ತುವನ್ನು ತಡೆದುಕೊಳ್ಳಲು ಬೆಳೆಸಿಕೊಂಡಿದ್ದ ಶಕ್ತಿ ಇಳಿದುಹೋಗುತ್ತದೆ. ಮತ್ತೆ ಜಾರಿದ ದಿನ ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ, ಹಿಂದೆ ಏನೂ ಮಾಡದಿದ್ದ ಆ ಪ್ರಮಾಣವೇ ಉಸಿರನ್ನು ನಿಲ್ಲಿಸಬಲ್ಲದು. ಆದ್ದರಿಂದಲೇ ಚಿಕಿತ್ಸಾ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ಕೆಲವು ವಾರಗಳು ಅತ್ಯಂತ ಅಪಾಯದವು. ಆಣೆ ಮಾಡಿದ ಹುಡುಗ ಆ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಇರುತ್ತಾನೆ. ಎಬ್ಬಿಸಿದರೂ ಏಳದಿರುವುದು, ಉಸಿರು ತೀರಾ ನಿಧಾನವಾಗುವುದು, ತುಟಿ ನೀಲಿಗಟ್ಟುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು ಓವರ್‌ಡೋಸ್‌ನ ಲಕ್ಷಣಗಳು. ನಾಲೊಕ್ಸೋನ್ ಎಂಬ ಔಷಧಿ ಕೆಲವೇ ನಿಮಿಷಗಳಲ್ಲಿ ಓಪಿಯಾಯ್ಡ್‌ನ ಪರಿಣಾಮವನ್ನು ತಡೆದು ಉಸಿರನ್ನು ಮರಳಿಸಬಲ್ಲದು, ಆದರೆ ಅದರ ಪ್ರಭಾವ ಬೇಗ ಇಳಿಯುವುದರಿಂದ ಎಚ್ಚರವಾದ ಮೇಲೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಇದನ್ನೆಲ್ಲ ಆ ಹುಡುಗನಿಗೂ ಮೊದಲೇ ಹೇಳಿರಬೇಕು. 'ನೀನು ಜಾರುತ್ತೀಯ' ಎಂಬ ಅಪನಂಬಿಕೆಯಿಂದ ಇದನ್ನು ಹೇಳುವುದಿಲ್ಲ, 'ಜಾರಿದರೂ ನೀನು ಬದುಕಿರಬೇಕು' ಎಂಬ ಕಾಳಜಿಯಿಂದ ಹೇಳುತ್ತೇವೆ.

ಹಾಗಾದರೆ ಮಾತು ತೆಗೆದುಕೊಳ್ಳುವ ಬದಲು ಮಾಡುವುದೇನು? ಮೊದಲು ಕೇಳುವುದು. "ಇದನ್ನು ತೆಗೆದುಕೊಂಡಾಗ ನಿನಗೆ ಏನು ಸಿಗುತ್ತದೆ?" ಎಂಬ ಪ್ರಶ್ನೆಯನ್ನು ನಾನು ಕೇಳಿದಾಗ ಪಕ್ಕದಲ್ಲಿದ್ದ ತಂದೆಯೊಬ್ಬರು ಸಿಟ್ಟಾಗಿ ಎದ್ದುನಿಂತದ್ದುಂಟು. ಮಾದಕ ವಸ್ತುವನ್ನು ಹೊಗಳಲು ಹುಡುಗನಿಗೆ ನಾನೇ ಅವಕಾಶ ಕೊಟ್ಟೆನೆಂದು ಅವರಿಗೆ ಅನಿಸಿತ್ತು. ಆದರೆ ನಿಜವಾದ ಕಾರಣ ಹೊರಬರುವುದು ಈ ಪ್ರಶ್ನೆಯಿಂದಲೇ. ಒಬ್ಬಳಿಗೆ ರಾತ್ರಿ ನಿದ್ದೆ ಬರುತ್ತದೆ, ಇನ್ನೊಬ್ಬನಿಗೆ ನಾಲ್ಕು ಜನರ ನಡುವೆ ಮಾತನಾಡುವ ಧೈರ್ಯ ಬರುತ್ತದೆ, ಮತ್ತೊಬ್ಬನಿಗೆ ಚಿಕ್ಕಂದಿನಲ್ಲಿ ತನಗಾದ ದೌರ್ಜನ್ಯದ ನೆನಪು ಕೆಲವು ಗಂಟೆಗಳ ಮಟ್ಟಿಗೆ ದೂರ ಸರಿಯುತ್ತದೆ. ಖಿನ್ನತೆಯಿಂದ ನಿದ್ದೆ ಬಾರದವಳಿಗೆ ಆ ಖಿನ್ನತೆಗೆ ಚಿಕಿತ್ಸೆ ಕೊಡಿಸದೆ ಗಾಂಜಾ ಮಾತ್ರ ಬಿಡಿಸಲು ಹೊರಟರೆ ಅವಳಿಗೆ ಉಳಿಯುವುದು ನಿದ್ದೆಯಿಲ್ಲದ ರಾತ್ರಿ. 1998ರಲ್ಲಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, ಬಾಲ್ಯದಲ್ಲಿ ಹಿಂಸೆ, ದೌರ್ಜನ್ಯ, ಮನೆಯ ಕಲಹಗಳನ್ನು ಹೆಚ್ಚು ಕಂಡವರಲ್ಲಿ ಮುಂದೆ ಮದ್ಯ ಮತ್ತು ಮಾದಕ ವಸ್ತುಗಳ ಸಮಸ್ಯೆಯೂ ಹೆಚ್ಚೆಂದು ತೋರಿಸಿತ್ತು. ಎದುರಿಗೆ ಕೂತ ಹುಡುಗ ಮೌನವಾಗಿದ್ದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಎರಡನೆಯದು, ವಾದಕ್ಕಿಳಿಯದಿರುವುದು. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿ, ಮುಂದೆ ಸ್ಟೀಫನ್ ರೋಲ್ನಿಕ್ ಜೊತೆ ಬೆಳೆಸಿದ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂಬ ವಿಧಾನದ ತಿರುಳು ಇದೇ. ಬಳಸುವವರ ಮನಸ್ಸಿನಲ್ಲಿ ಬಿಡಬೇಕೆಂಬ ಮಾತೂ ಬೇಡವೆಂಬ ಮಾತೂ ಒಟ್ಟಿಗೇ ಇರುತ್ತವೆ. ನಾವು 'ಬಿಡು' ಎಂಬ ಪಕ್ಷವನ್ನು ಹಿಡಿದು ಕೂತರೆ ಅವರಿಗೆ ಉಳಿಯುವುದು ಇನ್ನೊಂದು ಪಕ್ಷ ಮಾತ್ರ, ಅದನ್ನು ವಾದಿಸುತ್ತಾ ವಾದಿಸುತ್ತಾ ಅವರೇ ಅದನ್ನು ನಂಬತೊಡಗುತ್ತಾರೆ. ಮದ್ಯದ ಸಮಸ್ಯೆಯಿದ್ದ ವಯಸ್ಕರ ಬಗ್ಗೆ ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸಕರು ಎಷ್ಟು ಹೆಚ್ಚು ಎದುರು ವಾದಿಸಿದ್ದರೋ ಒಂದು ವರ್ಷದ ನಂತರ ಆ ವ್ಯಕ್ತಿ ಅಷ್ಟು ಹೆಚ್ಚು ಕುಡಿಯುತ್ತಿದ್ದುದು ಕಂಡುಬಂದಿತ್ತು. ವಯಸ್ಕರೇ ಹೀಗಾದರೆ, ದೊಡ್ಡವರ ಮಾತಿಗೆ ಎದುರು ಹೇಳುವುದೇ ಸಹಜವಾಗಿರುವ ಹದಿನಾರರ ವಯಸ್ಸಿನವರ ಬಗ್ಗೆ ಹೇಳಬೇಕೇ?

ಎಲ್ಲ ಬಳಕೆಯೂ ವ್ಯಸನವಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಒಮ್ಮೆ ಗಾಂಜಾ ಸೇದಿದ್ದು ಗೊತ್ತಾದ ಕೂಡಲೇ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಲು ಹೊರಡುವ ಮನೆಯವರನ್ನೂ ಕಂಡಿದ್ದೇನೆ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ರೋಗನಿರ್ಣಯ ಕೈಪಿಡಿಯಲ್ಲಿ, ಬಳಕೆ ಸಮಸ್ಯೆಯಾಗಿದೆಯೇ ಎಂದು ಗುರುತಿಸಲು ಹನ್ನೆರಡು ತಿಂಗಳ ಅವಧಿಗೆ ಅನ್ವಯಿಸುವ 11 ಲಕ್ಷಣಗಳಿವೆ. ಎರಡು ಮೂರಿದ್ದರೆ ಸೌಮ್ಯ, ನಾಲ್ಕೈದಿದ್ದರೆ ಮಧ್ಯಮ, ಆರು ಅಥವಾ ಹೆಚ್ಚಿದ್ದರೆ ತೀವ್ರ. ಹದಿಹರೆಯದವರಿಗೆಂದೇ ಬೋಸ್ಟನ್‌ನ ಮಕ್ಕಳ ವೈದ್ಯ ಜಾನ್ ನೈಟ್ ಮತ್ತು ಸಂಗಡಿಗರು 1999ರಲ್ಲಿ ರೂಪಿಸಿದ ಕ್ರಾಫ್ಟ್ ಎಂಬ ಆರು ಪ್ರಶ್ನೆಗಳ ಸಾಧನವೂ ಇದೆ. ಅದರಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆ, ಒಬ್ಬನೇ ಇದ್ದಾಗಲೂ ಬಳಸುತ್ತೀಯಾ ಎಂಬುದು. ಗೆಳೆಯರ ಗುಂಪಿನಲ್ಲಿ ಕುತೂಹಲಕ್ಕೆ ಮುಟ್ಟಿದವನಿಗೂ ಕೋಣೆಯಲ್ಲಿ ಒಬ್ಬನೇ ಕೂತು ಬಳಸುವವನಿಗೂ ಬೇಕಾದ ನೆರವು ಬೇರೆ ಬೇರೆ. ಇಬ್ಬರಿಂದಲೂ ಒಂದೇ ಆಣೆ ಮಾಡಿಸಿದರೆ ಆ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಆಣೆಯ ಬಲದಿಂದ ಬಿಡಿಸಹೊರಡುವುದು ವೈದ್ಯಕೀಯವಾಗಿಯೂ ಅಪಾಯಕಾರಿಯಾಗಬಹುದು. ಬಹುಕಾಲ ಹೆಚ್ಚು ಮದ್ಯವನ್ನೋ ಆಲ್‌ಪ್ರಜೋಲಾಂನಂಥ ಆತಂಕ ತಗ್ಗಿಸುವ ಮಾತ್ರೆಗಳನ್ನೋ ಬಳಸಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಅವರು ವೈದ್ಯರ ಕಣ್ಗಾವಲಿನಲ್ಲಿ ಹಂತಹಂತವಾಗಿಯೇ ಬಿಡಬೇಕು.

ಗುಟ್ಟಿನ ಬಗ್ಗೆಯೂ ತಂದೆತಾಯಂದಿರು ನನ್ನ ಮೇಲೆ ಬೇಸರಪಡುತ್ತಾರೆ. ಮೊದಲ ಭೇಟಿಯಲ್ಲೇ ಎಲ್ಲರ ಎದುರು ನಾನು ಸ್ಪಷ್ಟಪಡಿಸುತ್ತೇನೆ: ಇವನು ನನಗೆ ಹೇಳಿದ್ದನ್ನೆಲ್ಲ ನಾನು ನಿಮಗೆ ಹೇಳುವುದಿಲ್ಲ, ಆದರೆ ಇವನ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದೆ ಎಂದು ಕಂಡರೆ, ಅಥವಾ ಯಾರಾದರೂ ಇವನ ಮೇಲೆ ದೌರ್ಜನ್ಯ ಮಾಡುತ್ತಿದ್ದರೆ, ಇವನಿಗೆ ತಿಳಿಸಿಯೇ ಸಂಬಂಧಪಟ್ಟವರಿಗೆ ಹೇಳುತ್ತೇನೆ. ಈ ಗೆರೆ ಎಲ್ಲಿದೆ ಎಂದು ಮೊದಲೇ ತಿಳಿದ ಹುಡುಗ ನಿಧಾನವಾಗಿ ಮಾತನಾಡತೊಡಗುತ್ತಾನೆ. ತಿಳಿಯದವನು ನಾವು ಕೇಳಲು ಬಯಸುವುದನ್ನೇ ಹೇಳಿ ಎದ್ದುಹೋಗುತ್ತಾನೆ.

"ಹಾಗಾದರೆ ಅವನು ಏನು ಮಾಡಿದರೂ ಸುಮ್ಮನಿರಬೇಕೇ?" ಎಂಬ ಪ್ರಶ್ನೆ ನ್ಯಾಯವಾದದ್ದು. ಸುಮ್ಮನಿರಬೇಕಿಲ್ಲ. ಮನೆಯೊಳಗೆ ಮಾದಕ ವಸ್ತು ತರುವಂತಿಲ್ಲ ಎನ್ನಬಹುದು, ಅಮಲಿನಲ್ಲಿ ವಾಹನದ ಕೀಲಿ ಕೊಡುವುದಿಲ್ಲ ಎನ್ನಬಹುದು, ಕೈಗೆ ಹಣ ಕೊಡುವ ಬದಲು ಬೇಕಾದ ವಸ್ತುವನ್ನೇ ಕೊಡಿಸಬಹುದು. ಇವು ತಂದೆತಾಯಿ ತಾವೇ ನಡೆಸಿಕೊಡಬಹುದಾದ ನಿಯಮಗಳು, ಆದ್ದರಿಂದ ಉಳಿಯುತ್ತವೆ. ಅದರ ಜೊತೆಗೆ ಅವನು ಬಳಸದೆ ಇದ್ದ ಸಂಜೆಯನ್ನು ಗಮನಿಸಿ, ಆ ಸಂಜೆ ಅವನ ಜೊತೆ ಕೂತು ಊಟ ಮಾಡುವುದು, ಒಂದಿಷ್ಟು ಹೊತ್ತು ಬೇರೆ ವಿಷಯ ಮಾತನಾಡುವುದು ಕೂಡ ಚಿಕಿತ್ಸೆಯ ಭಾಗವೇ. ಮನೆಯವರಿಗೆ ಇದನ್ನೇ ಕಲಿಸುವ ತರಬೇತಿ ವಿಧಾನಗಳಿವೆ. ನನ್ನ ಅನುಭವದಲ್ಲಿ ಬೈಗುಳ ಕೇಳಿ ಕೇಳಿ ಕಿವಿ ಮುಚ್ಚಿಕೊಂಡ ಮಕ್ಕಳೂ ಇದಕ್ಕೆ ಓಗೊಡುತ್ತಾರೆ.

ಹಾಳೆಗೆ ಸಹಿ ಹಾಕಿದ್ದ ಆ ಹುಡುಗ ನಾಲ್ಕು ತಿಂಗಳ ಮೇಲೆ ಮತ್ತೆ ಬಂದಾಗ ನಾನು ಮೊದಲು ಅವನ ಬಳಿ ಕ್ಷಮೆ ಕೇಳಿದೆ. ಕಡತದಿಂದ ಆ ಹಾಳೆಯನ್ನು ತೆಗೆದು ಅವನಿಗೇ ಕೊಟ್ಟೆ. ಅವನು ಅದನ್ನು ಹರಿಯಲಿಲ್ಲ. ಮಗುಚಿ, ಹಿಂಬದಿಯಲ್ಲಿ, ತುಡಿತ ಎದ್ದ ಹೊತ್ತಿಗೆ ಫೋನ್ ಮಾಡಬಹುದಾದ ಮೂವರ ಹೆಸರು ಬರೆದ. ಮೂರನೆಯ ಹೆಸರಿಗೆ ಬಹಳ ಹೊತ್ತು ಯೋಚಿಸಿ, ಅಪ್ಪ ಎಂದು ಬರೆದ.